ಹದಿನೇಳನೇ ಪುಟ

ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ರಿಜಿಸ್ಟರಿನ ಹದಿನೇಳನೇ ಪುಟ ಮಾಯವಾಗಿತ್ತು. ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದರು. ಔಷಧಿ ಕಂಪನಿಗಳಿಂದ ಯಾವ ಡಾಕ್ಟರಿಗೆ ಏನು ಸಿಕ್ಕಿತೆಂದು ಬರೆದಿಡುವ ರಿಜಿಸ್ಟರ್ ಅದು. ಇಷ್ಟು ದಿನ ಬೀರುವಿನಲ್ಲಿತ್ತು. ಇಂದು ಸಂಜೆಯಿಂದ ರೋಗಿಗಳೂ ಓದಬಹುದೆಂದು ಆಡಳಿತ ಮಂಡಳಿ ಆದೇಶಿಸಿತ್ತು.

"ಬೀರು ಇವಳ ಸುಪರ್ದಿ," ಎಂದರು ದೊಡ್ಡ ಡಾಕ್ಟರು, ಗುಮಾಸ್ತೆಯತ್ತ ಬೆರಳು ತೋರಿಸಿ. "ನಾಲ್ಕು ಗಂಟೆಗೆ ಕೆಲಸದಿಂದ ತೆಗೀತೀನಿ."

ಎಲ್ಲರೂ ಅಕ್ಕ ಎನ್ನುವ ಗುಮಾಸ್ತೆ ತನ್ನ ಬಳಿಯಿದ್ದ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ದೂರು ಕೇಳಿ ವಿಚಾರಣೆಗೆ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರಮ್ಮನಿಗೆ ಮೈ ಉರಿಯಿತು. ನಾಲ್ಕರೊಳಗೆ ಕಳ್ಳನನ್ನು ಹಿಡಿದೇ ಹಿಡಿಯುತ್ತೇನೆಂದು ನಿಶ್ಚಯಿಸಿದಳು.

"ಇನ್ನೊಂದು ಬೀಗದ ಕೈ ಇದೆಯಾ ಅಕ್ಕ?"

"ಡಾಕ್ಟರುಗಳ ಕೋಣೇಲಿ ನೇತುಹಾಕಿರ್ತೀವಿ ಮೇಡಂ. ಆರೂ ಜನಕ್ಕೆ ಗೊತ್ತು."

"ಆ ಪುಟದಲ್ಲಿ ಏನಿತ್ತು?"

"ಕಂಪನಿಯವರು ಬರೆದು ಸಹಿ ಹಾಕ್ತಾರೆ. ನಾನು ಓದೋ ಹಾಗಿಲ್ಲ."

ಹಿಂದಿನ, ಮುಂದಿನ ಪುಟಗಳ ತಾರೀಖು ನೋಡಿದರೆ ಅದು ಕಳೆದ ತಿಂಗಳ ಮೊದಲ ವಾರದ್ದು.

\* \* \*

ಬ್ಲೇಡ್ ಎಂದರೆ ಮೊದಲ ಅನುಮಾನ ಸರ್ಜನ್ ಮೇಲೆ. ಅವರು ನಕ್ಕುಬಿಟ್ಟರು.

"ನನ್ನ ಟ್ರೇಯಿಂದ ಯಾರು ಬೇಕಾದ್ರೂ ಬ್ಲೇಡ್ ಎತ್ಕೋಬಹುದು. ನಂಗೆ ಸಿಕ್ಕಿದ್ದು ಈ ಗೋಡೆ ಗಡಿಯಾರ. ಒಂಬತ್ತನೇ ಪುಟದಲ್ಲಿದೆ. ಅದೂ ಹತ್ತು ನಿಮಿಷ ಹಿಂದೆ ಓಡುತ್ತೆ!"

ಒಂಬತ್ತನೇ ಪುಟ ಭದ್ರವಾಗಿತ್ತು.

\* \* \*

ಆಸ್ಪತ್ರೆಯ ಔಷಧಿ ಅಂಗಡಿಯವನು ಡಾಕ್ಟರುಗಳ ಚೀಟಿಗಳನ್ನು ತಂತಿಗೆ ಚುಚ್ಚಿಡುತ್ತಿದ್ದ. ಇನ್ಸ್‌ಪೆಕ್ಟರಮ್ಮ ಕಳೆದ ತಿಂಗಳಿನವನ್ನೆಲ್ಲ ನೆಲದ ಮೇಲೆ ಹರಡಿ ಕೂತಳು. ಐವರು ರಕ್ತದೊತ್ತಡಕ್ಕೆ ಅದೇ ಹಳೆಯ ಮಾತ್ರೆ ಬರೆದಿದ್ದರು. ಆರನೆಯವರು ಎರಡನೇ ವಾರದಿಂದ ಎಲ್ಲರಿಗೂ ಹೊಸದೊಂದನ್ನೇ ಬರೆದಿದ್ದರು.

"ಹಳೇದ್ರಲ್ಲಿ ಚೆನ್ನಾಗಿದ್ದೋರಿಗೂ ಬದಲಾಯಿಸಿದ್ರು," ಎಂದ ಅಂಗಡಿಯವನು. "ನಾಲ್ಕು ಜನ ತಲೆ ಸುತ್ತಿ ವಾಪಸ್ ಬಂದ್ರು."

\* \* \*

ನಾಲ್ಕಕ್ಕೆ ಐದು ನಿಮಿಷವಿತ್ತು. ಇನ್ಸ್‌ಪೆಕ್ಟರಮ್ಮ ಹೊಸ ಮಾತ್ರೆಯ ಕಂಪನಿಯ ಪ್ರತಿನಿಧಿಯನ್ನು ಕರೆದುಕೊಂಡೇ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಆತ ಕಂಪನಿ ಉಳಿಸಿಕೊಂಡಿದ್ದ ಆ ಪುಟದ ನಕಲನ್ನು ಮೇಜಿನ ಮೇಲಿಟ್ಟ.

"ಈ ಸಾರ್ ಮನೆಯವರ ಜೊತೆ ಐದು ದಿನ ಕಡಲತೀರಕ್ಕೆ ಹೋಗಿದ್ರು. ನಮ್ಮ ಖರ್ಚಲ್ಲಿ. ಬರೆದು ಸಹಿ ಹಾಕಿದ್ದು ನಾನೇ."

"ಬೀರುವಿನಲ್ಲಿರೋದನ್ನ ಯಾರು ಓದ್ತಾರೆ ಅಂತ ಆಗ ಸುಮ್ಮನಿದ್ರಿ," ಎಂದಳು ಅವಳು. "ಆದೇಶ ಬಂದ ಮೇಲೆ ಪುಟ ಕೊಯ್ದ್ರಿ. ತಪ್ಪನ್ನ ಅಕ್ಕನ ತಲೆಗೆ ಕಟ್ಟಿದ್ರಿ. ಆದ್ರೆ ಪ್ರವಾಸದಿಂದ ಬಂದ ಸೋಮವಾರದಿಂದ ನೀವೇ ಬರೆದ ಚೀಟಿಗಳನ್ನ ಮರೆತ್ರಿ."

ದೊಡ್ಡ ಡಾಕ್ಟರ ಕೋಟಿನ ಜೇಬಿನಿಂದ ಮಡಿಸಿದ ಹಾಳೆ ಹೊರಬಂತು.

ಆ ಹಾಳೆ ಸಾಕ್ಷ್ಯಕ್ಕೆ ಹೋಯಿತು. ಅಕ್ಕ ನಕಲನ್ನು ಅದರ ಜಾಗದಲ್ಲಿ ಅಂಟಿಸಿ, ರಿಜಿಸ್ಟರನ್ನು ರೋಗಿಗಳು ಕಾಯುವ ಹಜಾರದಲ್ಲಿಟ್ಟಳು. ತಲೆ ಸುತ್ತಿ ಬಂದಿದ್ದ ಅಜ್ಜಿಯೊಬ್ಬಳು ಬೆರಳಿಟ್ಟು ನಿಧಾನವಾಗಿ ಓದಿದಳು.

"ನನ್ನ ಮಾತ್ರೆ ಬದಲಾಯಿಸಿದ್ದು ಇದಕ್ಕಾ ಮಗಳೇ?"

"ಹೂಂ ಅಜ್ಜಿ," ಎಂದಳು ಅಕ್ಕ. "ಇದಕ್ಕೇ."