ಎರಡನೇ ಕಂಬದ ಗುರುತು

"ನನ್ನ ಸೇತುವೆ ಕುಸೀತಾ ಇದೆ ಅಮ್ಮ. ನಾಳೆ ಅದರ ಮೇಲೆ ಗಾಡಿ ಓಡಿಸ್ತಾರೆ."

ಬಂದವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪೇಟೆಯ ಬಸ್ ನಿಲ್ದಾಣದ ಮೇಲೆ ಹಾದುಹೋಗುವ ಹೊಸ ರೈಲು ಮೇಲ್ಸೇತುವೆಗೆ ನಕ್ಷೆ ಹಾಕಿದ ಎಂಜಿನಿಯರ್ ಆಕೆ. ಮಾರನೆಯ ದಿನ ಕಲ್ಲು ತುಂಬಿದ ವ್ಯಾಗನ್‌ಗಳನ್ನು ಅದರ ಮೇಲೆ ಓಡಿಸಿ ಪರೀಕ್ಷೆ ಮಾಡುವುದಿತ್ತು.

ನನ್ನ ದೊಡ್ಡಮ್ಮ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡಿ ನಿವೃತ್ತರಾದವರು. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಬಿಡಿಸಿದ್ದರು. ಅವರ ಕೈಚೀಲ ಹೊತ್ತು ಹಿಂದೆ ತಿರುಗುವುದು ನನ್ನ ಪಾಲಿನ ಕೆಲಸ.

"ಕುಸೀತಿದೆ ಅಂತ ಹೇಗೆ ಗೊತ್ತಾಯ್ತು?" ದೊಡ್ಡಮ್ಮ ಕೇಳಿದರು.

"ಪ್ರತಿ ಕಂಬಕ್ಕೂ ಒಂದು ಹಿತ್ತಾಳೆ ಗುರುತು ಕೂರಿಸಿದ್ದೀವಿ. ದಿನಾ ಬೆಳಿಗ್ಗೆ ನನ್ನ ಸಹಾಯಕ ರಸ್ತೆಯಾಚೆ ನಿಂತು ದುರ್ಬೀನಲ್ಲಿ ಅದರ ಮಟ್ಟ ನೋಡ್ತಾನೆ. ಎರಡನೇ ಕಂಬದ್ದು ದಿನೇ ದಿನೇ ಇಳೀತಿದೆ. ಪರೀಕ್ಷೆ ನಿಲ್ಲಿಸಿ ಅಂದ್ರೆ ಮೇಲಿನವರು, ನಿಮಗೆ ವಿಶ್ರಾಂತಿ ಬೇಕು ಅಂತಾರೆ. ಯಾರೋ ಬೇಕಂತಲೇ ನನ್ನ ಹೆದರಿಸ್ತಿದ್ದಾರೆ ಅಂತ ಒಂದು ಅನುಮಾನ. ಅದು ತಪ್ಪಾಗಿದ್ರೆ ಅಷ್ಟು ಜನರ ಗತಿ ಏನು?"

"ಕಂಬಗಳ ಹತ್ರ ಯಾರು ಹೋಗಬಹುದು?"

"ಬೇಲಿ ಬೀಗದ ಕೈ ಇರೋದು ಗುತ್ತಿಗೆದಾರರು, ನನ್ನ ಸಹಾಯಕ, ಮಣ್ಣಪ್ಪ ಈ ಮೂವರ ಹತ್ರ."

ಮಣ್ಣಪ್ಪ ಎಂದರೆ ಅಡಿಪಾಯಕ್ಕೆ ಮುಂಚೆ ನೆಲ ಕೊರೆದು ಮಣ್ಣು ಪರೀಕ್ಷಿಸಿದವನು. ನಿಜವಾದ ಹೆಸರು ಅವನಿಗೇ ಮರೆತುಹೋಗಿದೆ ಎಂದು ಕಚೇರಿಯವರು ನಗುತ್ತಿದ್ದರಂತೆ.

ಮಧ್ಯಾಹ್ನವೇ ಸ್ಥಳಕ್ಕೆ ಹೋದೆವು. ಮೂವರೂ ಅಲ್ಲಿದ್ದರು. ಎರಡನೇ ಕಂಬ ಕಂಡದ್ದೇ ನನ್ನ ಕಾಲು ಹಿಂದೆ ಎಳೆಯಿತು. ತಲೆಯ ಮೇಲೆ ಆಕಾಶ ಮುಚ್ಚುವಷ್ಟು ಅಗಲದ ಕಾಂಕ್ರೀಟು. ಗುತ್ತಿಗೆದಾರರೂ ಸಹಾಯಕನೂ ಬೇಲಿಯ ಹೊರಗೇ ನಿಂತರು. ಮಣ್ಣಪ್ಪ ಮಾತ್ರ ಒಳಗೆ ಬಂದು, ಆ ಕಂಬಕ್ಕೇ ಬೆನ್ನು ಒರಗಿಸಿ ಟೀ ಕುಡಿಯುತ್ತ, "ಇದು ಉಳಿಯಲ್ಲ ಅಮ್ಮ, ರೈಲಿನ ದಾರೀನೇ ಬದಲಾಯಿಸಬೇಕು" ಎಂದ.

ದೊಡ್ಡಮ್ಮ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಂಬದಿಂದ ಕಾಲುದಾರಿಯವರೆಗೆ ಒಂದೇ ಸಮನೆ ಬಳಿದಿದ್ದ ತೆಳು ಸಿಮೆಂಟಿನ ಮೇಲೆ ಬೆರಳಾಡಿಸಿದರು. ಎಲ್ಲೂ ಬಿರುಕಿರಲಿಲ್ಲ. ಆಮೇಲೆ ಹಿತ್ತಾಳೆ ಗುರುತಿನ ಸುತ್ತ ಉಗುರಿನಿಂದ ಕೆರೆದರು. ಹೊಸ ಗಾರೆಯ ಪುಡಿ ಉದುರಿತು.

ಬಿಸಿಲು ಸುಡುತ್ತಿತ್ತು. ಮೂರನೇ ಕಂಬದ ನೆರಳಿಗೆ ಸರಿದೆವು. ಉಳಿದವರೂ ಬಂದರು. ಮಣ್ಣಪ್ಪ ಮಾತ್ರ ರಸ್ತೆಯಾಚೆ ಬಿಸಿಲಲ್ಲೇ ನಿಂತ.

"ನೆರಳಿಗೆ ಬಾರಪ್ಪ," ದೊಡ್ಡಮ್ಮ ಕರೆದರು.

"ಪರವಾಗಿಲ್ಲಮ್ಮ, ಅಭ್ಯಾಸ ಇದೆ." ಅವನ ಅಂಗಿ ಬೆವರಿಗೆ ಮೈಗಂಟಿತ್ತು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಎಲ್ಲರನ್ನೂ ದಿಬ್ಬದ ಮೇಲೆ ಹಳಿಯ ಪಕ್ಕದಲ್ಲಿದ್ದ ತಗಡಿನ ಶೆಡ್ಡಿಗೆ ಕರೆಸಿದರು. ಸೇತುವೆಯ ತುದಿಯಲ್ಲಿ ಕಲ್ಲಿನ ವ್ಯಾಗನ್‌ಗಳು ಸಿದ್ಧವಾಗಿದ್ದವು. ಎಂಜಿನ್ನಿನ ಗುಡುಗಿಗೆ ತಗಡು ಅದುರುತ್ತಿತ್ತು. ಕೆಳಗೆ ನಿಲ್ದಾಣದ ತುಂಬ ಜನ.

"ಎರಡನೇ ಕಂಬ ಕುಸಿದಿಲ್ಲ," ಎಂದರು ದೊಡ್ಡಮ್ಮ. "ಕುಸಿದಿದ್ರೆ ಬುಡದ ಸಿಮೆಂಟು ಬಿರುಕು ಬಿಡ್ತಿತ್ತು. ಗುರುತನ್ನ ಕಿತ್ತು ಕಿತ್ತು ಕೆಳಗೆ ಕೂರಿಸಿದ್ದಾರೆ. ಹೆದರಿಕೇಲಿ ಯಾರೂ ಹತ್ರ ಹೋಗಿ ನೋಡಿಲ್ಲ. ಗುತ್ತಿಗೆದಾರರಿಗೆ ಕೆಲಸ ಮುಗಿದ್ರೆ ಸಾಕಾಗಿದೆ, ಅವರು ಹಾಗೆ ಮಾಡಲ್ಲ. ಸಹಾಯಕನಿಗೆ ಗುರುತು ಕೀಳೋ ಕಷ್ಟ ಯಾಕೆ? ಅಳತೆ ನೋಡೋನೇ ಅವನು, ಬಾಯಲ್ಲಿ ಸುಳ್ಳು ಹೇಳಿದ್ರೆ ಸಾಕಿತ್ತು. ಇನ್ನು ಮಣ್ಣಪ್ಪ. ಬೀಳುತ್ತೆ ಅಂತ ತಾನೇ ಹೇಳಿದ ಕಂಬಕ್ಕೆ ಒರಗಿ ಟೀ ಕುಡಿದ."



ಗುತ್ತಿಗೆದಾರರು ನಿಟ್ಟುಸಿರು ಬಿಟ್ಟರು. "ಅಂದ್ರೆ ಸೇತುವೆ ಗಟ್ಟಿ ಇದೆ. ಹಸಿರು ಬಾವುಟ ತೋರಿಸಿಬಿಡೋಣ."

"ತಡೀರಿ," ಎಂದರು ದೊಡ್ಡಮ್ಮ. ಏನೋ ಆಗಷ್ಟೇ ಹೊಳೆದವರಂತೆ ಮಣ್ಣಪ್ಪನ ಕಡೆ ತಿರುಗಿದರು. "ಎರಡನೇ ಕಂಬಕ್ಕೆ ಹೆದರದೋನು ಮೂರನೇದರ ನೆರಳಿಗೆ ಬರಲಿಲ್ಲ. ಯಾಕಪ್ಪ?"

ಉತ್ತರ ಬರುವ ಮೊದಲೇ ಎಂಜಿನಿಯರ್ ಶೆಡ್ಡಿನಿಂದ ಓಡಿದ್ದರು. ಒಂದು ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಹಳಿಯ ಮೇಲೆ ಎರಡೂ ಕೈ ಚಾಚಿ ನಿಂತು ಅವರು ಎಂಜಿನ್ನನ್ನು ತಡೆದರು.

ಮಣ್ಣಪ್ಪ ನೆಲ ನೋಡುತ್ತ ಹೇಳಿದ. "ಆವತ್ತು ಕೊರೆಯೋ ಯಂತ್ರ ಕೆಟ್ಟಿತ್ತು. ಮೇಲಿನವರು ಅವಸರ ಮಾಡ್ತಿದ್ರು. ಎರಡನೇ ಕಂಬದ ಮಣ್ಣನ್ನೇ ಮೂರನೇದಕ್ಕೂ ತೋರಿಸಿಬಿಟ್ಟೆ. ಕಂಬ ಎದ್ದಮೇಲೆ ಹೂ ಮಾರೋ ಅಜ್ಜಿಯೊಬ್ಬರು, ಇಲ್ಲಿ ದೊಡ್ಡ ಹೊಂಡ ಇತ್ತು ಮಗಾ, ನಮ್ಮಪ್ಪನ ಕಾಲದಲ್ಲಿ ಮುಚ್ಚಿದ್ರು ಅಂದ್ರು. ಅವತ್ತಿಂದ ನಿದ್ದೆ ಇಲ್ಲ."

"ಮೂರನೇದರ ಗುರುತನ್ನೇ ಇಳಿಸಬಹುದಿತ್ತಲ್ಲ?" ನಾನು ಕೇಳಿದೆ.

"ಅಲ್ಲಿ ಮತ್ತೆ ಕೊರೀತಿದ್ರು. ನಾನು ಸಿಕ್ಕಿಬೀಳ್ತಿದ್ದೆ. ಎರಡನೇದರಲ್ಲಿ ಕೊರೆದ್ರೂ ನನ್ನ ವರದಿ ಸರಿ ಅಂತಲೇ ಬರ್ತಿತ್ತು. ಸೇತುವೆ ಕೆಲಸ ನಿಂತುಹೋಗಲಿ, ನನ್ನ ಹೆಸರು ಬರದೇ ಇರಲಿ ಅಂತ."

ನಿಲ್ದಾಣವನ್ನು ಖಾಲಿ ಮಾಡಿಸಿದರು. ಮಧ್ಯಾಹ್ನ ಮೂರನೇ ಕಂಬದ ಪಕ್ಕ ಕೊರೆಯುವ ಯಂತ್ರ ನಿಲ್ಲಿಸಿದರು. ಮೊದಲಿಗೆ ಕೊಳವೆ ಕಷ್ಟಪಟ್ಟು ಇಳಿಯಿತು. ಆಮೇಲೆ ಯಾರೂ ಒತ್ತದೆ, ತನ್ನ ಭಾರಕ್ಕೆ ತಾನೇ ಜಾರತೊಡಗಿತು. ಯಂತ್ರದವನು ಕೈ ಬಿಟ್ಟು ಹಿಂದೆ ಸರಿದ. ಮೇಲೆ ಬಂದದ್ದು ಕೊಳೆತ ವಾಸನೆಯ ಕಪ್ಪು ಕೆಸರು, ಅದರೊಳಗೆ ಬಸವನಹುಳುವಿನ ಚಿಪ್ಪುಗಳು. ಎಂಜಿನಿಯರ್ ಒಂದು ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆ ಕಂಬವನ್ನು ಒಡೆದು, ಬಂಡೆ ಸಿಗುವವರೆಗೂ ಅಗೆದು ಹೊಸದಾಗಿ ಕಟ್ಟಿದರು. ಮಣ್ಣಪ್ಪನ ಮೇಲೆ ಮೊಕದ್ದಮೆ ನಡೆಯಿತು. ಎಂಜಿನಿಯರ್ ಸಾಕ್ಷಿ ಹೇಳಿದ ದಿನ ನಾನೂ ದೊಡ್ಡಮ್ಮನೂ ಹಿಂದಿನ ಬೆಂಚಿನಲ್ಲಿದ್ದೆವು.

"ಈತ ಬೇಕಂತಲೇ ನಿಮ್ಮನ್ನ ಹೆದರಿಸಿದ್ದು ನಿಜವೇ?" ವಕೀಲರು ಕೇಳಿದರು.

ಆಕೆ ಮಣ್ಣಪ್ಪನ ಕಡೆ ತಿರುಗಿದರು.

"ನಿಜ," ಎಂದರು. "ಕಂಬ ಏಳೋಕೆ ಮುಂಚೆ ಹೆದರಿಸಬೇಕಿತ್ತು."