ಜೇಬಿನಲ್ಲಿದ್ದ ಬಿಳಿ ಸುಣ್ಣ

ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಎಮ್ಲಾಂಗ್ ಸತ್ತು ಅಂಗಾತ ಬಿದ್ದಿದ್ದ. ತಲೆಗೂದಲಿನಿಂದ ಕಾಲ್ಬೆರಳಿನವರೆಗೆ ತುಕ್ಕಿನ ಬಣ್ಣ. ಅಂಗಿ ಒಂದು ಕಾಲದಲ್ಲಿ ಬಿಳಿಯದಾಗಿತ್ತಂತೆ.

ನನಗೆ ಏನೂ ಅನ್ನಿಸಲಿಲ್ಲ. ಈ ಜೈಂತಿಯಾ ಗುಡ್ಡಗಳಲ್ಲಿ ಹನ್ನೊಂದು ವರ್ಷದಿಂದ ಸಬ್ ಇನ್ಸ್‌ಪೆಕ್ಟರ್ ಆಗಿದ್ದೇನೆ. ಮೊದಲು ಮೀನು ಸತ್ತವು, ಆಮೇಲೆ ಏಡಿ, ಆಮೇಲೆ ಕಲ್ಲಿನ ಮೇಲಿನ ಪಾಚಿ. ಕಲ್ಲಿದ್ದಲ ಗಣಿ ಮುಚ್ಚಿ ಹತ್ತು ವರ್ಷವಾದರೂ ಅದರ ಬಾಯಿಂದ ಹುಳಿನೀರು ಹೊಳೆಗೆ ಸೋರುತ್ತಲೇ ಇದೆ. ನೋಡಿ ನೋಡಿ ಮನಸ್ಸು ಜಡ್ಡುಗಟ್ಟಿದೆ.

"ಕೇಸ್ ಮುಗೀತು ಮೇಡಂ," ಅಂದ ಪೇದೆ ಡ್ಖಾರ್. ಕಿರ್ಮೆನ್‌ನ ಕೈಗೆ ಆಗಲೇ ಹಗ್ಗ ಬಿಗಿದಿದ್ದ. "ಹೆಣ ಮೊದಲು ನೋಡಿದ್ದು ಇವನೇ. ನಿನ್ನೆ ಸಂತೇಲಿ ಎಮ್ಲಾಂಗ್‌ನ ಮುಗಿಸ್ತೀನಿ ಅಂದಿದ್ದೂ ಇವನೇ."

ಕಿರ್ಮೆನ್ ಹೊಳೆಯ ಕೆಳಗಡೆ ಮೀನಿನ ಹೊಂಡ ಇಟ್ಟವನು. ಒಂದು ವಾರದಿಂದ ಅವನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಅವನ ಮನೆತನದ ಗಣಿ, ಕಾಂಗ್," ಅಂದ ಕಿರ್ಮೆನ್. ಅಕ್ಕಂದಿರನ್ನು ಇಲ್ಲಿ ಹಾಗೇ ಕರೆಯೋದು. "ಅದಕ್ಕೇ ಬೈದೆ. ಹೆಂಡತಿಗೆ ದಿನ ತುಂಬಿದೆ. ಇವತ್ತು ಒಳಗೆ ಹಾಕಿದ್ರೆ ಯಾವಾಗ ಬಿಡ್ತೀರ?"



ಹೆಣದ ಜೇಬಿಗೆ ಕೈ ಹಾಕಿದೆ. ಒಂದು ಎಲೆಯಡಿಕೆ ಸಿಕ್ಕಿತು. ಮಡಿಕೆ ಬಿಚ್ಚಿದೆ. ಕುಟ್ಟಿ ಪುಡಿ ಮಾಡಿದ ಅಡಿಕೆ. ಎಲೆಗೆ ಬಳಿದ ಸುಣ್ಣ ಬೆಳ್ಳಗಿತ್ತು.

ನನ್ನ ಡಬ್ಬಿಯ ಸುಣ್ಣವನ್ನು ಒಂದು ಎಲೆಗೆ ಬಳಿದು ಹೊಳೆಯಲ್ಲಿ ಅದ್ದಿದೆ. ಸ್ವಲ್ಪ ಹೊತ್ತಿಗೆಲ್ಲ ಸುಣ್ಣಕ್ಕೆ ತುಕ್ಕು ಬಣ್ಣ ಹತ್ತಿತು.

ಕಿರ್ಮೆನ್‌ಗೂ ಒಂದು ಎಲೆಯಡಿಕೆ ಕೊಟ್ಟೆ. ಕಟ್ಟಿದ ಕೈಯಲ್ಲೇ ಬಾಯಿಗೆ ಹಾಕಿಕೊಂಡ. ಗಟ್ಟಿ ಹೋಳನ್ನು ಕಟುಂ ಎಂದು ಕಡಿದ.

"ಹಗ್ಗ ಸ್ವಲ್ಪ ಸಡಿಲ ಮಾಡಪ್ಪ," ಅಂದೆ ಡ್ಖಾರ್‌ಗೆ.

* * *

ಗಣಿಯ ಬಾಯಿಗೆ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ದೂರ. ಬಾಯಿಗೆ ಅಡ್ಡ ಕಟ್ಟಿದ್ದ ಕಲ್ಲುಮಣ್ಣಿನ ಗೋಡೆ ಒಡೆದುಹೋಗಿತ್ತು. ಪಕ್ಕದಲ್ಲಿ ಹಾರೆ ಬಿದ್ದಿತ್ತು. ಕೆಳಗಿನ ಮರಗಳಿಗೆ ಸೊಂಟದೆತ್ತರಕ್ಕೆ ಹಸಿ ಕೆಸರಿನ ಗುರುತು. ಈಗ ನೀರು ಪಾದ ಮುಳುಗುವಷ್ಟೂ ಇರಲಿಲ್ಲ.

"ಕುಡಿದು ಬಿದ್ದ ಅಂತಾರೆ ಊರೋರು," ಅಂದ ಡ್ಖಾರ್.

"ಈಸ್ಟರ್‌ನಿಂದ ಅವನು ಮುಟ್ಟಿಲ್ಲ. ಕುಡಿದ್ರೂ ಗೋಡೆ ತಾನಾಗೇ ಒಡೆಯುತ್ತಾ?"

* * *

ಸಾವಿನ ಮನೆ ತುಂಬಿತ್ತು. ಎಮ್ಲಾಂಗ್‌ನ ತಂಗಿ ಥ್ರಿನಾ ಬಂದವರಿಗೆಲ್ಲ ಎಲೆಯಡಿಕೆ ಕೊಡುತ್ತಿದ್ದಳು. ಕಣ್ಣು ಒಣಗಿತ್ತು. ಹೆಣದ ತಲೆಯ ಬಳಿ ಅವರ ಸೋದರಮಾವ ಹಾಮ್ಕೊಮ್ ಕೂತಿದ್ದರು. ನಮ್ಮಲ್ಲಿ ಆಸ್ತಿ ಹೆಣ್ಣುಮಕ್ಕಳದ್ದು, ಮಾತು ಸೋದರಮಾವನದ್ದು. ಗಣಿಯನ್ನು ನಡೆಸಿದವರೂ ಅವರೇ.

ಥ್ರಿನಾ ಒಂದು ಹೋಳನ್ನು ಕುಟ್ಟಾಣಿಗೆ ಹಾಕಿ ಕುಟ್ಟಿ, ಎಲೆಯಲ್ಲಿಟ್ಟು ಅವರಿಗೆ ಕೊಟ್ಟಳು. ಅವರು ಬಾಯಿ ತೆರೆದರು. ಒಂದು ಹಲ್ಲೂ ಇರಲಿಲ್ಲ.

"ಮಾಮ, ಬೆಳಿಗ್ಗೆ ಹೊಳೆ ಕಡೆ ಹೋಗಿದ್ರಾ?" ಅಂತ ಕೇಳಿದೆ.

"ಇಲ್ಲಮ್ಮ. ಕಾಲೇ ಇಟ್ಟಿಲ್ಲ."

ಜೇಬಿನಲ್ಲಿ ಸಿಕ್ಕಿದ್ದನ್ನು ಚಾಪೆಯ ಮೇಲಿಟ್ಟೆ.

"ಎಮ್ಲಾಂಗ್ ನೀರಲ್ಲಿ ಪೂರ್ತಿ ಮುಳುಗಿದ್ದ. ಇದು ಆಗ ಜೇಬಲ್ಲಿದ್ದಿದ್ರೆ ಸುಣ್ಣ ತುಕ್ಕಾಗ್ತಿತ್ತು. ಆಗಿಲ್ಲ. ಅಂದ್ರೆ ನೀರು ಇಳಿದ ಮೇಲೆ ಯಾರೋ ಇಟ್ಟಿದಾರೆ. ಹೆಣ ನೋಡಿಯೂ ಯಾರಿಗೂ ಹೇಳದೆ ಬಂದಿದಾರೆ. ಅವರಿಗೆ ಅಡಿಕೆ ಕಡಿಯೋಕೆ ಹಲ್ಲಿಲ್ಲ."

ಥ್ರಿನಾ ಬಗ್ಗಿ ಎಲೆಯ ಮಡಿಕೆ ನೋಡಿದಳು.

"ನಾನೇ ಕುಟ್ಟಿದ್ದು. ಬೆಳಗಾಗೋಕೆ ಮುಂಚೆ ಮಾಮ ಇಸ್ಕೊಂಡು ಹೊರಗೆ ಹೋದ್ರು."

ಹಾಮ್ಕೊಮ್ ಬಾಯಲ್ಲಿದ್ದದ್ದನ್ನು ಉಗುಳಿದರು.

"ಒಳಗಿನ ನೀರು ಖಾಲಿಯಾದ್ರೆ ಇನ್ನೂ ಕಲ್ಲಿದ್ದಲು ಸಿಗುತ್ತೆ ಅಂದ್ಕೊಂಡೆ. ವಾರದಿಂದ ಗೋಡೆಗೆ ಹಾರೆ ಹಾಕಿ ಸ್ವಲ್ಪ ಸ್ವಲ್ಪ ಬಿಡ್ತಿದ್ದೆ. ನಿನ್ನೆ ಸಂತೇಲಿ ಬೈಸ್ಕೊಂಡು ಇವನು ನೇರ ಅಲ್ಲಿಗೇ ಬಂದ. ಪೊಲೀಸ್‌ಗೆ ಹೇಳ್ತೀನಿ ಅಂದ. ತಳ್ಳಿದೆ. ಗೋಡೆ ಮೇಲೆ ಬಿದ್ದ. ಅದು ಒಡೀತು. ನೀರು ಎಳ್ಕೊಂಡು ಹೋಯ್ತು."

"ಕಿರ್ಮೆನ್ ಕೈಗೆ ಹಗ್ಗ ಹಾಕಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಎಲೆಯಡಿಕೆ ಯಾಕೆ ಇಟ್ರಿ?"

"ಸತ್ತೋರು ದೇವರ ಅಂಗಳದಲ್ಲಿ ಕೂತು ಎಲೆಯಡಿಕೆ ಜಗೀತಾರೆ. ಅಲ್ಲಿಗೆ ಬರಿಗೈಲಿ ಹೇಗೆ ಕಳಿಸ್ಲಿ? ನಾನು ಅವನ ಸೋದರಮಾವ."

"ಅವನ ಹಲ್ಲು ಗಟ್ಟಿಯಿದ್ವು, ಮಾಮ," ಅಂದಳು ಥ್ರಿನಾ. "ಕುಟ್ಟಿದ್ದು ಅವನಿಗೆ ಸೇರ್ತಿರ್ಲಿಲ್ಲ."

* * *

ಕಿರ್ಮೆನ್‌ನ ಹಗ್ಗವನ್ನು ನಾನೇ ಬಿಚ್ಚಿದೆ. ಮಣಿಕಟ್ಟು ಉಜ್ಜಿಕೊಂಡ.

"ಹೊಳೆಗೆ ಏನು ಮಾಡ್ತೀರ, ಕಾಂಗ್?"

ಉತ್ತರಕ್ಕೂ ಕಾಯದೆ ಮನೆ ಕಡೆ ಓಡಿದ.

ಹಾಮ್ಕೊಮ್ ಜೀಪು ಹತ್ತಿ ಕೂತರು. ಅಷ್ಟರಲ್ಲಿ ಮನೆಯೊಳಗಿಂದ ಟಕ್ ಟಕ್ ಸದ್ದು ಬಂತು. ಬಾಗಿಲಿನಿಂದ ಇಣುಕಿದೆ. ಥ್ರಿನಾ ಅಭ್ಯಾಸಬಲದಿಂದ ಮಾಮನಿಗೆ ಮುಂದಿನ ಎಲೆಯಡಿಕೆ ಕುಟ್ಟುತ್ತಿದ್ದಳು. ಸುತ್ತ ಕೂತವರು ಯಾರೂ ತಡೆಯಲಿಲ್ಲ. ಬೆಳಗಿನಿಂದ ಮೊದಲ ಬಾರಿಗೆ ನನಗೆ ಸಂಕಟವಾಯಿತು.

ಕುಟ್ಟಿ ಮುಗಿಸಿ, ಸುಣ್ಣ ಬಳಿದು, ಮಡಿಚಿ, ಕೊಡಲು ಕೈ ಚಾಚಿದಳು. ಮಾಮ ಕೂತಿದ್ದ ಚಾಪೆ ಖಾಲಿಯಿತ್ತು.