ಪ್ರಾರ್ಥನಾ ಕೋಣೆಯ ಫ್ಯೂಸು

ಭಾನುವಾರ ಬೆಳಿಗ್ಗೆ ಏಳೂವರೆಗೆ ಠಾಣೆಗೆ ದೂರು ಬಂತು. ತಂದವರು ಕನ್ನಡಕದ ಅಂಗಡಿಯೊಂದರ ನೌಕರ. ವಾರವಿಡೀ ಊರವರ ಕಣ್ಣಿಗೆ ಗಾಜು ಕೂರಿಸುವ ಈ ಮನುಷ್ಯ ಭಾನುವಾರ ಮಾತ್ರ ಹತ್ತು ಹನ್ನೆರಡು ಮಂದಿಗೆ ಪಾಸ್ಟರ್ ಆಗಿರುತ್ತಿದ್ದರು. ಅಂಗಿಯ ಇಸ್ತ್ರಿ ಮುರಿದಿರಲಿಲ್ಲ, ಅಂಗೈಗಳಿಗೆ ಮಾತ್ರ ಮಸಿ ಮೆತ್ತಿತ್ತು.

"ನಮ್ಮ ಪ್ರಾರ್ಥನೆ ಕೋಣೆಗೆ ಬೆಂಕಿ ಇಟ್ಟಿದ್ದಾರೆ ಮೇಡಂ."

ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ತೋರಿಸಿದರು. "ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ. ಶನಿವಾರ ಅಲ್ಲಿ ಯಾರೂ ಇರಲ್ಲ."

"ಅನುಮಾನ?"

ಪಾಸ್ಟರ್ ಅಂಗೈ ಉಜ್ಜಿಕೊಂಡರು. "ಹೆಸರು ಹೇಳಿದ್ರೆ ಆಪಾದನೆ ಹೊರಿಸಿದ ಹಾಗಾಗುತ್ತೆ."

"ಹೇಳದೇ ಹೋದ್ರೆ ನಾನು ಇಡೀ ಊರನ್ನೇ ಅನುಮಾನಿಸ್ಬೇಕಾಗುತ್ತೆ. ಅಷ್ಟು ಸಿಬ್ಬಂದಿ ನನ್ನ ಹತ್ರ ಇಲ್ಲ."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಮೀಸೆಯಲ್ಲೇ ನಕ್ಕರು. ಅವರನ್ನು ಠಾಣೆಯಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ಹಳೆಯ ಕಳ್ಳರೂ ಹಾಗೆಯೇ ಕರೆಯುತ್ತಿದ್ದರು, ಅದಕ್ಕೆ ಮಾವನ ಆಕ್ಷೇಪವೂ ಇರಲಿಲ್ಲ.

ಕೊನೆಗೆ ಪಾಸ್ಟರ್ ಬಾಯಿಬಿಟ್ಟರು. ಪ್ರಾರ್ಥನಾ ಕೋಣೆಯ ಎದುರುಗಡೆ ಟೈರ್ ಅಂಗಡಿ. ಅದರ ಮಾಲೀಕನಿಗೆ ಇವರನ್ನು ಕಂಡರೆ ಆಗುವುದಿಲ್ಲ. ಗಲ್ಲಿಯವರನ್ನೆಲ್ಲ ಕೂಡಿಸಿ, ಪ್ರಾರ್ಥನೆಗೆ ಹೋಗುವವರ ಜೊತೆ ಯಾರೂ ಮಾತಾಡಬಾರದು, ಕೆಲಸ ಕೊಡಬಾರದು, ಬೀದಿ ನಲ್ಲಿಯಲ್ಲಿ ನೀರು ಹಿಡಿಯಲು ಬಿಡಬಾರದು ಎಂದು ಕಟ್ಟು ಮಾಡಿದ್ದ. ಎರಡು ಸಲ ಕಲ್ಲು ಬಿದ್ದಿತ್ತು. ಹೋದ ವಾರ ಎಲ್ಲರೆದುರು, "ಒಂದು ದಿನ ಇದು ಸುಟ್ಟು ಬೂದಿ ಆಗುತ್ತೆ ನೋಡ್ತಿರಿ" ಎಂದಿದ್ದ.

"ಆಗ ಯಾಕೆ ದೂರು ಕೊಡ್ಲಿಲ್ಲ?"

"ಅವನಿಗಾಗಿ ಪ್ರಾರ್ಥನೆ ಮಾಡಿದ್ವಿ."

"ಅದನ್ನ ಎಫ್‌ಐಆರ್‌ನಲ್ಲಿ ಯಾವ ಕಡೆ ಬರೀಲಿ?" ಎಂದರು ಮಾವ. ಮೇಡಂ ಅವರತ್ತ ನೋಡಿದ ಮೇಲೆ ಸುಮ್ಮನೆ ಬರೆಯತೊಡಗಿದರು.

ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಜೀಪು ಸ್ಥಳದಲ್ಲಿತ್ತು.

ಕೋಣೆ ಇದ್ದದ್ದು ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ. ಕೆಳಗೆ ಝೆರಾಕ್ಸ್ ಅಂಗಡಿ, ಪಕ್ಕದಲ್ಲಿ ಇಸ್ತ್ರಿ ಅಂಗಡಿ. ಆ ಎರಡರ ಮಾಲೀಕರನ್ನೇ ಪಂಚರನ್ನಾಗಿ ಕರೆದು ಪಂಚನಾಮೆ ಶುರುಮಾಡಿದರು. ಪ್ಲಾಸ್ಟಿಕ್ ಕುರ್ಚಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಚಾಪೆಗಳು ಬೂದಿ. ಗೋಡೆಯ ಮರದ ಶಿಲುಬೆ ಒಂದು ತೋಳು ಸುಟ್ಟು ವಾಲಿತ್ತು. ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಛಾವಣಿಯಿಂದ ಹೊದಿಕೆ ಸುಟ್ಟ ವೈರುಗಳು ತಾಮ್ರ ಬಿಟ್ಟುಕೊಂಡು ನೇತಾಡುತ್ತಿದ್ದವು. ಕಿಟಕಿಗಳು ಭದ್ರವಾಗಿ ಮುಚ್ಚಿದ್ದರಿಂದ ಬೆಂಕಿ ಗಾಳಿಯಿಲ್ಲದೆ ತಾನಾಗಿಯೇ ಸತ್ತಿತ್ತು, ಇಲ್ಲದಿದ್ದರೆ ಕಟ್ಟಡವೇ ಉಳಿಯುತ್ತಿರಲಿಲ್ಲ.

"ಕಿಟಕಿ ಯಾವಾಗ್ಲೂ ಮುಚ್ಚೇ ಇರುತ್ತಾ?"

"ಹೌದು," ಎಂದರು ಪಾಸ್ಟರ್. "ಹಾಡು ಹೊರಗೆ ಕೇಳಬಾರದು ಅಂತ. ಆಮೇಲಾಮೇಲೆ ದನಿ ತೆಗೆಯೋದನ್ನೇ ಬಿಟ್ವಿ. ತುಟಿ ಮಾತ್ರ ಆಡಿಸ್ತೀವಿ. ಎಲ್ಲರೂ ಕೈ ಹಿಡ್ಕೊಂಡಿರ್ತೀವಿ, ತಾಳ ಕೈಯಲ್ಲಿ ಗೊತ್ತಾಗುತ್ತೆ."

ಇಸ್ತ್ರಿಯವನು ಮುಖ ಬೇರೆ ಕಡೆ ತಿರುಗಿಸಿದ. ಅವನೂ ಗಲ್ಲಿಯ ಕಟ್ಟಿಗೆ ತಲೆಯಾಡಿಸಿದವನೇ.

ಬೀಗ ಒಡೆದಿರಲಿಲ್ಲ. ಕೀಲಿಯನ್ನು ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯಲ್ಲಿ ಇಡುವುದು ರೂಢಿ, ಮೊದಲು ಬಂದವರು ತೆಗೆಯಲಿ ಎಂದು. ಮೊದಲು ಬರುತ್ತಿದ್ದದ್ದು ಯಾವಾಗಲೂ ಒಬ್ಬಳೇ. ಸರ್ಕಾರಿ ಆಸ್ಪತ್ರೆಯ ಆಯಾ, ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು ಕಸ ಗುಡಿಸುತ್ತಿದ್ದಳು. ಇಂದು ಬಾಗಿಲು ತೆಗೆದು ಪಾಸ್ಟರ್‌ಗೆ ಫೋನ್ ಮಾಡಿದವಳೂ ಅವಳೇ. ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು.

ಮೇಡಂ ಅವಳನ್ನೂ ಕರೆದುಕೊಂಡು ಕೆಳಗಿಳಿದು ಮೀಟರ್ ಪೆಟ್ಟಿಗೆ ತೆರೆದರು. ಮೂರು ಮೀಟರ್, ಅವಕ್ಕೆ ಮೂರು ಬಿಳಿ ಪಿಂಗಾಣಿ ಫ್ಯೂಸುಗಳಿರಬೇಕು. ಮಹಡಿಯ ಮೀಟರಿನ ಕೆಳಗೆ ಖಾಲಿ ಬಾಯಿ ತೆರೆದುಕೊಂಡಿತ್ತು.

"ಈ ಫ್ಯೂಸ್ ತೆಗೆದಿದ್ದು ನೀವಾ?"

"ಇಲ್ಲ ಮೇಡಂ," ಎಂದಳು ಆಯಾ.

ಪೆಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ, ಚರಂಡಿಯಲ್ಲಿ ಹುಡುಕಿದರು. ಫ್ಯೂಸು ಸಿಗಲಿಲ್ಲ. ಮಾವ ಅದನ್ನೂ ಪಂಚನಾಮೆಯಲ್ಲಿ ಸೇರಿಸಿದರು.

ಮಧ್ಯಾಹ್ನದ ಹೊತ್ತಿಗೆ ಟೈರ್ ಅಂಗಡಿಯವನು ಠಾಣೆಯಲ್ಲಿದ್ದ. ಅವನ ಅಂಗಡಿಯಲ್ಲಿ ಸೀಮೆಎಣ್ಣೆಯ ಡಬ್ಬವೂ ಸಿಕ್ಕಿತು. ಬರುವಾಗ ಜಗ ಗೆದ್ದವನ ಗತ್ತು, ಸಂಜೆಯ ಹೊತ್ತಿಗೆ ಆ ಗತ್ತು ಗಾಳಿ ಹೋದ ಟ್ಯೂಬಿನ ಹಾಗೆ ಇಳಿದಿತ್ತು.

"ಬೈದಿದ್ದೀನಿ. ಕಲ್ಲು ಹೊಡೆಸಿದ್ದೂ ನಾನೇ. ಆದ್ರೆ ಬೆಂಕಿ ಇಟ್ಟಿಲ್ಲ."

"ಶನಿವಾರ ಸಂಜೆಯಿಂದ ಎಲ್ಲಿದ್ರಿ?"

"ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ."

"ನೋಡಿದವರು?"

"ಮನೇಲಿ ಯಾರೂ ಇರ್ಲಿಲ್ಲ."

ಮೇಲಧಿಕಾರಿಗಳಿಂದ ಫೋನು ಬಂತು. ಬಾಯಿಬಿಟ್ಟು ಬೆದರಿಸಿದವನು ಕೈಯಲ್ಲೇ ಇದ್ದಾನೆ, ಡಬ್ಬ ಇದೆ, ಇನ್ನೇನು ಮುಹೂರ್ತ ನೋಡುತ್ತಿದ್ದೀರಿ ಎಂದರು. ಮೇಡಂ ಅವನನ್ನು ಬಂಧಿಸಿ ಲಾಕಪ್ಪಿಗೆ ಹಾಕಿದರು. ಸೋಮವಾರ ಕೋರ್ಟಿಗೆ ಹಾಜರುಪಡಿಸಬೇಕು.

ಆದರೂ ಆ ಫ್ಯೂಸು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಂಕಿ ಇಡಲು ಬಂದವನಿಗೆ ಫ್ಯೂಸಿನ ಗೊಡವೆ ಯಾಕೆ? ಕಿತ್ತರೂ ಅಲ್ಲೇ ಎಸೆದು ಹೋಗುವುದು ಬಿಟ್ಟು, ಹೊತ್ತುಕೊಂಡು ಯಾಕೆ ಹೋದ?

"ಮಾವ, ಬೇಸಿಗೇಲಿ ನಮ್ಮ ಠಾಣೆ ವೈರಿಂಗ್ ಮಾಡಿದವನು ಊಟಕ್ಕೆ ಅಂತ ಹೋಗಿ ಸಂಜೆ ಬಂದ. ಅಲ್ಲಿವರೆಗೂ ಫ್ಯಾನಿಲ್ಲದೆ ಬೆಂದು ಹೋಗಿದ್ವಲ್ಲ, ಯಾಕೆ?"

"ಫ್ಯೂಸು ಅವನ ಜೇಬಲ್ಲೇ ಇತ್ತಲ್ಲ ಮೇಡಂ. ನಾವು ಕೆಲಸ ಮಾಡೋವಾಗ ಬೇರೆ ಯಾರೋ ತಂದು ಸಿಕ್ಕಿಸಿಬಿಟ್ರೆ ಹೆಣ ಬೀಳುತ್ತೆ, ಅದಕ್ಕೆ ಜೇಬಲ್ಲೇ ಇಟ್ಕೋತೀವಿ ಅಂದ." ಮಾವನ ಪೆನ್ನು ನಿಂತಿತು. "ಆ ಗಲ್ಲಿ ಹಿಂದೆ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ. ಆ ಆಯಾ ಗಂಡ."

"ಅವನೂ ಪ್ರಾರ್ಥನೆಗೆ ಹೋಗ್ತಾನಾ?"

"ಇಲ್ಲ. ಆದ್ರೆ ಹೆಂಡತಿ ಹೋಗ್ತಾಳೆ ಅಂತ ಗಲ್ಲಿಯವರು ಅವನನ್ನೂ ದೂರ ಇಟ್ಟಿದ್ದಾರೆ. ಒಳ್ಳೆ ಕೆಲಸಗಾರ. ಈಗ ಊರಾಚೆ ಹೋಗಿ ದುಡೀತಾನೆ."

ಸಂಜೆ ಆರಕ್ಕೆ ಇಬ್ಬರೂ ಆ ಮನೆಗೆ ಹೋದರು. ಒಂದೇ ಕೋಣೆ, ಅಡುಗೆಗೆ ಒಂದು ಕಟ್ಟೆ. ಒಗೆದ ಬಟ್ಟೆಗಳು ಹಗ್ಗದ ಮೇಲೆ ನೀರು ಸುರಿಸುತ್ತಿದ್ದವು. ಆಯಾ ಒಬ್ಬಳೇ ಇದ್ದಳು.

"ಗಂಡ ಎಲ್ಲಿ?"

"ಕೆಲಸಕ್ಕೆ ಹೋಗಿದ್ದಾರೆ."

"ಭಾನುವಾರಾನೂ?"

"ಸಿಕ್ಕಾಗ ಹೋಗ್ಬೇಕಲ್ಲ."

"ನಿನ್ನೆ ಸಂಜೆ?"

"ಮನೇಲೇ ಇದ್ರು."

"ನೀವು ಎಷ್ಟು ಹೊತ್ತಿಗೆ ಡ್ಯೂಟಿಗೆ ಹೋದ್ರಿ?"

ಆಯಾ ಹಗ್ಗದ ಮೇಲಿದ್ದ ಗಂಡಸಿನ ಅಂಗಿಯೊಂದನ್ನು ಸರಿಸಿ ಮತ್ತೆ ಅದೇ ಜಾಗಕ್ಕೆ ಹಾಕಿದಳು.

ಮೇಡಂ ಹೊರಡಲು ಎದ್ದರು. "ಟೈರ್ ಅಂಗಡಿಯವನನ್ನ ಬೆಳಿಗ್ಗೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಜಾಮೀನು ಸಿಗೋದು ಕಷ್ಟ."

"ಅವನು ನನ್ನ ಕೊಡ ಒದ್ದಿದ್ದ," ಎಂದಳು ಆಯಾ. "ತುಂಬಿದ ಕೊಡ."

"ಗೊತ್ತು."

ದಾರಿಯಲ್ಲಿ ಮಾವ ಗೊಣಗಿದರು. ಮನೆ ಜಾಲಾಡಬಹುದಿತ್ತು ಎಂಬುದು ಅವರ ದೂರು.

"ಪಂಚರಿಲ್ಲದೆ ಏನು ಜಾಲಾಡ್ತೀರಿ ಮಾವ? ಬೆಳಿಗ್ಗೆ ಇಬ್ಬರನ್ನ ಕರ್ಕೊಂಡು ಬರೋಣ. ಅಲ್ಲೀವರೆಗೂ ಮನೆ ಮೇಲೆ ಒಬ್ಬ ಕಾನ್ಸ್‌ಟೇಬಲ್ ಕಣ್ಣಿಟ್ಟಿರ್ಲಿ."

ಪಂಚರು ಬರುವ ಮೊದಲೇ ಆಯಾ ಬಂದಳು. ಸೋಮವಾರ ಬೆಳಿಗ್ಗೆ ಠಾಣೆಯ ಮೆಟ್ಟಿಲು ಗುಡಿಸುತ್ತಿದ್ದರು, ಅವಳು ಪೊರಕೆಯ ಪಕ್ಕದಲ್ಲೇ ನಡೆದು ಒಳಗೆ ಬಂದು ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಪಿಂಗಾಣಿ ಫ್ಯೂಸು.

"ನಿನ್ನೆ ಬಟ್ಟೆ ಒಗೆಯೋವಾಗ ಅವರ ಜೇಬಲ್ಲಿ ಸಿಕ್ತು. ನಿಮ್ಮ ಹತ್ರ ಸುಳ್ಳು ಹೇಳ್ದೆ."

"ಅವರಿಗೆ ಗೊತ್ತಾ?"

"ಹೇಳೇ ಬಂದೆ. ಹಿಂದೆ ಬರ್ತಿದ್ದಾರೆ."

ಹೌದು, ಗೇಟಿನ ಹತ್ತಿರ ಒಬ್ಬ ಸಣಕಲು ಮನುಷ್ಯ ಕೈಯಲ್ಲಿ ಏನೂ ಇಲ್ಲದೆ ನಿಂತಿದ್ದ. ಒಳಗೆ ಬರಲು ಯಾರಾದರೂ ಹೇಳಲಿ ಎಂದು ಕಾಯುತ್ತಿರುವಂತಿತ್ತು.

"ಟೈರ್ ಅಂಗಡಿಯವನು ಜೈಲಿಗೆ ಹೋಗಿದ್ರೆ ನಿಮ್ಮ ಕಷ್ಟ ಅರ್ಧ ಮುಗೀತಿತ್ತು," ಎಂದರು ಮೇಡಂ.

"ಮುಗೀತಿತ್ತು. ರಾತ್ರಿ ಹಾಗೇ ಅನ್ಕೊಂಡೆ. ಆದ್ರೆ ಅವನ ಒಳ್ಳೇದಕ್ಕೆ ಅಂತ ವಾರ ವಾರ ಮಂಡಿಯೂರಿದ್ದೀನಿ. ಮಾಡದ ತಪ್ಪಿಗೆ ಅವನು ಒಳಗೆ ಕೂತ್ರೆ ನಾನು ಅಲ್ಲಿ ಹೋಗಿ ಮಾಡಿದ್ದೆಲ್ಲ ಬರೀ ನಾಟಕ ಆಗುತ್ತೆ. ನನಗೆ ಅಂತ ಇರೋರು ಅವರೊಬ್ಬರು, ಈ ದೇವರೊಬ್ಬ. ಎರಡೂ ಕಡೆ ಸುಳ್ಳಾಗಿ ಹೇಗೆ ಬದುಕ್ಲಿ?"

"ಯಾಕೆ ಮಾಡಿದ್ರಿ ಅಂತ ಅವರನ್ನ ಕೇಳಿದ್ರಾ?"

"ಧೈರ್ಯ ಬರ್ಲಿಲ್ಲ."

ಫ್ಯೂಸನ್ನು ಪಂಚರ ಮುಂದೆ ವಶಪಡಿಸಿಕೊಂಡರು. ಟೈರ್ ಅಂಗಡಿಯವನನ್ನು ಬೆಂಕಿಯ ಪ್ರಕರಣದಿಂದ ಬಿಡಿಸಲು ಕೋರ್ಟಿಗೆ ವರದಿ ಸಿದ್ಧವಾಯಿತು, ಕಲ್ಲು ಹೊಡೆಸಿದ್ದಕ್ಕೆ ಬೇರೆ ಕೇಸು. ಯಾರಿಂದ ಬಿಡುಗಡೆ ಎಂದು ಮಾವ ಹೇಳಿದಾಗ ಅವನು ಬೆಂಚಿನ ಮೇಲಿದ್ದ ಆಯಾಳನ್ನು ನೋಡಿ ತಲೆ ತಗ್ಗಿಸಿದ.

ಎಲೆಕ್ಟ್ರಿಷಿಯನ್ನನ ವಿಚಾರಣೆ ಒಂಬತ್ತಕ್ಕೆ ಶುರುವಾಯಿತು.

"ಬೆಂಕಿ ಇಟ್ಟಿದ್ದು ನೀವೇನಾ?"

"ಹೌದು."

"ಯಾವಾಗ?"

"ಶನಿವಾರ ಸಂಜೆ. ಅವಳು ಡ್ಯೂಟಿಗೆ ಹೋದ ಮೇಲೆ."

"ಫ್ಯೂಸ್ ಯಾಕೆ ಕಿತ್ತಿರಿ?"

"ವೈರ್ ಸುಟ್ರೆ ಬರೀ ತಂತಿ ನೇತಾಡುತ್ತೆ. ಬೆಳಿಗ್ಗೆ ಮೊದಲು ಒಳಗೆ ಹೋಗೋಳು ಅವಳೇ. ತಗುಲಿದ್ರೆ?"

ಮಾವ ತಲೆಯೆತ್ತಿ ಅವನನ್ನು ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಬೆಂಕಿ ಇಡುವಾಗ ಇಷ್ಟು ಜೋಪಾನ ಮಾಡಿದವನನ್ನು ಅವರು ಕಂಡಿರಲಿಲ್ಲ.

"ಅವಳ ಮೇಲೆ ಅಷ್ಟು ಪ್ರೀತಿ ಇದ್ರೆ ಅವಳ ಕೋಣೆ ಯಾಕೆ ಸುಟ್ರಿ?"

"ಅವಳಿಗೆ ಗಲ್ಲಿಯವರು ಬೈದ್ರೆ ಅವಳು ಅಲ್ಲಿ ಹೋಗಿ ಅತ್ತು, ಹಗುರಾಗಿ ಬರ್ತಾಳೆ. ನನಗೂ ಅಷ್ಟೇ ಬೈತಾರೆ ಮೇಡಂ. ಹೋಟೆಲಲ್ಲಿ ನಾನು ಕೂತ್ರೆ ಬೆಂಚೇ ಖಾಲಿಯಾಗುತ್ತೆ. ಅಣ್ಣಂದಿರು, ಹೆಂಡತೀನ ಬಿಟ್ಟು ಬಂದ್ರೆ ಬಾ ಅಂದ್ರು. ಬಿಡಲ್ಲ ಅಂದೆ. ನಾನು ಇವಳ ದೇವರನ್ನೂ ನಂಬಿಲ್ಲ, ಅವರ ಜೊತೆಗೂ ಇಲ್ಲ. ಪೆಟ್ಟು ಮಾತ್ರ ಇಬ್ಬರಿಗೂ ಸಮ."

"ಅದು ಎಷ್ಟೋ ದಿನದಿಂದ ನಡೀತಿತ್ತಲ್ಲ. ಈಗ ಏನಾಯ್ತು?"

"ಹೋದ ತಿಂಗಳು ಅಮ್ಮ ತೀರ್ಕೊಂಡ್ರು."

ಹೇಳಿ ಅವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಬೆಚ್ಚಿದ.

"ಮಣ್ಣು ಮಾಡಿದ ಮಾರನೇ ದಿನ ಅಣ್ಣ ಫೋನ್ ಮಾಡ್ದ. ಮುಖ ನೋಡೋಕೂ ಕರೀಲಿಲ್ಲ. ಅವತ್ತು ಭಾನುವಾರ. ಇವಳಿಗೆ ಹೇಳೋಣ ಅಂತ ಓಡಿದೆ. ಮೆಟ್ಟಿಲ ಕೆಳಗೆ ನಿಂತೆ. ಮೇಲೆ ಅಷ್ಟು ಜನ ಇದ್ದಾರೆ, ಒಂದು ಸದ್ದಿಲ್ಲ. ಹಾಡು ಕೇಳಿದ್ರೂ ಹತ್ತಿಬಿಡ್ತಿದ್ದೆನೋ ಏನೋ. ಬಾಗಿಲು ಬಡಿಯೋಕೆ ಕೈ ಬರ್ಲಿಲ್ಲ. ವಾಪಸ್ ಬಂದೆ. ಅವಳು ಮನೆಗೆ ಬಂದಾಗ ಮುಖದಲ್ಲಿ ಒಂಥರಾ ಬೆಳಕಿತ್ತು. ಅದನ್ನ ನೋಡಿ ಹೇಳೋಕಾಗ್ಲಿಲ್ಲ. ಮಾರನೇ ದಿನ ಹೇಳೋಣ ಅಂದೆ. ಹಾಗೇ ಉಳೀತು. ಆ ಕೋಣೆ ಇಲ್ಲದಿದ್ರೆ ಇಬ್ಬರೂ ಒಂದೇ ಕಡೆ ಅಳಬಹುದಿತ್ತು ಅನ್ನಿಸ್ತು."

"ಯಾರಿಗೂ ಹೇಳಿಲ್ವಾ?"

"ನಿಮಗೇ ಮೊದಲು."

ಇನ್ಸ್‌ಪೆಕ್ಟರ್ ಮೇಡಂ ಫೈಲು ಮುಚ್ಚಿದರು. ಕೆಲಸ ಮುಗಿಸಿ ಖಾಲಿ ಕ್ವಾರ್ಟರ್ಸಿನ ಬೀಗ ತೆಗೆದಾಗ ದಿನದ ಸುದ್ದಿ ಯಾರಿಗೆ ಹೇಳಬೇಕೆಂದು ತೋಚದೆ ನಿಲ್ಲುವುದು ಅವರಿಗೂ ಗೊತ್ತಿತ್ತು. ಹತ್ತೂ ಕಾಲಿಗೆ ಅವನನ್ನು ಬಂಧಿಸಿದ್ದಾಗಿ ಮಾವ ದಾಖಲಿಸಿದರು.

ಹೊರಗೆ ಬೆಂಚಿನ ಮೇಲೆ ಆಯಾಳ ಪಕ್ಕ ಪಾಸ್ಟರ್ ಬಂದು ಕೂತಿದ್ದರು. ಕಟ್ಟಡದ ಮಾಲೀಕ ಕೋಣೆ ಖಾಲಿ ಮಾಡಲು ಹೇಳಿದ್ದನಂತೆ. ಮುಂದಿನ ಭಾನುವಾರ ಎಲ್ಲಿ ಸೇರುವುದು ಎಂದು ಅವರಿಗೂ ಗೊತ್ತಿರಲಿಲ್ಲ.

"ನಿಮ್ಮ ಅತ್ತೆ ತೀರಿಕೊಂಡಿದ್ದು ನಿಮಗೆ ಗೊತ್ತಿಲ್ಲ ಅಲ್ವಾ?" ಎಂದರು ಮೇಡಂ, ಆದಷ್ಟು ಮೆಲ್ಲಗೆ.

"ಅತ್ತೆ?" ಆಯಾ ಎದ್ದು ನಿಂತಳು. "ಯಾವಾಗ?"

ಮೇಡಂ ಎಲ್ಲವನ್ನೂ ಹೇಳಿದರು. ಪಾಸ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಪ್ರತಿ ವಾರ ಇವರ ಯಜಮಾನರಿಗಾಗಿ ಪ್ರಾರ್ಥನೆ ಮಾಡಿದ್ವಿ ಮೇಡಂ. ಅವರೂ ನಮ್ಮ ಜೊತೆ ಸೇರ್ಲಿ ಅಂತ. ಒಂದು ದಿನಾನೂ ಅವರ ಮನೆಗೆ ಹೋಗಿ ಹೇಗಿದ್ದೀರಿ ಅಂತ ಕೇಳ್ಲಿಲ್ಲ."

ಆಯಾ ಲಾಕಪ್ಪಿನ ಮುಂದೆ ಹೋಗಿ ನಿಂತಳು. ಎಲೆಕ್ಟ್ರಿಷಿಯನ್ ಗೋಡೆಗೆ ಮುಖ ಮಾಡಿ ಕೂತಿದ್ದ.

"ರೀ," ಎಂದಳು. "ಅತ್ತೆ ಸುದ್ದಿ ಬಂದ ದಿನ ಏನಾದ್ರೂ ತಿಂದಿದ್ರಾ?"

ಅವನು ತಿರುಗದೆ ತಲೆಯಾಡಿಸಿದ, ಇಲ್ಲವೆಂದು.

"ತಿಂದೆ ಅಂದ್ರಲ್ಲ ನಂಗೆ."

"ನಿಂಗೆ ಬೇಜಾರಾಗುತ್ತೆ ಅಂತ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಆ ಅತ್ತೆ ಅವಳನ್ನು ಹೊಸಿಲು ದಾಟಲು ಬಿಟ್ಟವಳಲ್ಲ, ಅವಳ ಕೈಯ ನೀರು ಮುಟ್ಟಿದವಳಲ್ಲ. ಆದರೂ ಆಯಾ ಅವಳಿಗಾಗಿ ಬಾಯಿ ಬಿಟ್ಟು, ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಅತ್ತಳು. ಸರಳುಗಳ ಆಚೆ ಅವನು ನಿಧಾನಕ್ಕೆ ತಿರುಗಿದ. ತನ್ನ ತಾಯಿಗಾಗಿ ಯಾರಾದರೂ ಅಳುವುದನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ತೆವಳಿಕೊಂಡು ಸರಳಿನ ಹತ್ತಿರ ಬಂದು, ಅವಳ ಜೊತೆ ತಾನೂ ಅಳತೊಡಗಿದ.

ಅವನನ್ನು ಕೋರ್ಟಿಗೆ ಒಯ್ಯಲು ಜೀಪು ಸಿದ್ಧವಾಗಿತ್ತು. ಮಾವ ಬೇಡಿ ಹಿಡಿದು ಬಾಗಿಲಲ್ಲಿ ನಿಂತು ಮೇಡಂ ಮುಖ ನೋಡಿದರು.

"ಇಂಜಿನ್ ಆಫ್ ಮಾಡೋಕೆ ಹೇಳಿ ಮಾವ," ಎಂದರು ಮೇಡಂ. "ಇನ್ನೂ ಸ್ವಲ್ಪ ಹೊತ್ತಿದೆ."